ಹಳೇ ಕಪಾಟಿಗೆ ಹಿಂಜಸ್ ಹುಡುಕೋದು

ತಾವರೆಕೆರೆಯ ಅಜ್ಜಿ ಮನೆಯ ಗೋಡೆ ಕಪಾಟಿನ ಬಾಗಿಲು ಜೋತುಬಿದ್ದು, ಜಮೀನಿನ ಕಾಗದಕ್ಕೆ ಇಲಿ ಕಾಟ ಶುರುವಾಗಿತ್ತು. ಬರಿಗೈಲಿ ಶಿರಾಕ್ಕೆ ಹೋಗಿ 3 ಇಂಚಿನ ಹಿಂಜಸ್ ತಂದೆ. ಒಂದು ತೂತೂ ಹೊಂದಲಿಲ್ಲ. "ಇಂಜಿನಿಯರಿಂಗ್ ಓದ್ತೀಯ, ಅಳತೆ ತಗೊಂಡ್ ಹೋಗ್ಬಾರ್ದಾ?" ಅಂದ್ರು ಅಜ್ಜಿ.

ಹಳೇದನ್ನೇ ಬಿಚ್ಚಿ ಜೇಬಿಗೆ ಹಾಕ್ಕೊಂಡು ಹೋಗಿ. ಎರಡು ಪಟ್ಟಿಯ ಹಿಂಜಸ್ ಆದರೆ ಉದ್ದದ ಜೊತೆ ಪಟ್ಟಿಯ ಅಗಲ, ದಪ್ಪ, ತೂತಿಂದ ತೂತಿಗಿರುವ ಅಂತರವನ್ನೂ ನೋಡಿ. ಪ್ಲೈವುಡ್ ಬಾಗಿಲಿನೊಳಗೆ ಬಟ್ಟಲಿನಂತೆ ಕೂರುವ ಹಿಂಜಸ್ಸಿಗೆ ಬಟ್ಟಲಿನ ವ್ಯಾಸ ಸಾಮಾನ್ಯವಾಗಿ 35 ಮಿ.ಮೀ. ಅದರಲ್ಲಿ ಎಡವಟ್ಟಾಗೋದು ಕ್ರ್ಯಾಂಕ್ ವಿಷಯದಲ್ಲಿ: ಬಾಗಿಲು ಪಕ್ಕದ ಹಲಗೆಯ ಅಂಚನ್ನು ಪೂರ್ತಿ ಮುಚ್ಚಿದರೆ 0, ಅರ್ಧ ಮುಚ್ಚಿದರೆ 8, ಒಳಗೇ ಕೂತರೆ 16 ಕೇಳಿ.

ತೂತು ಸಡಿಲವಾಗಿದ್ದರೆ ಹೊಸದೂ ನಿಲ್ಲಲ್ಲ. ಫೆವಿಕಾಲ್ ಹಚ್ಚಿದ ಬಿದಿರಿನ ಕಡ್ಡಿ ತುರುಕಿ, ರಾತ್ರಿಯೆಲ್ಲಾ ಒಣಗಿಸಿ, ಆಮೇಲೆ ಸ್ಕ್ರೂ ಹಾಕಿ. ನಮ್ಮದಕ್ಕೆ ಬೇಕಿದ್ದದ್ದು ಎರಡೂವರೆ ಇಂಚಿನದು.