ಎಲ್ಲರ ಮಾತನ್ನೂ ಕೇಳುವ ಯಂತ್ರ: ಸಣ್ಣ ಸಂಸ್ಥೆಗಳಿಗೆ ಇರುವ ದಾರಿ



ಕೃತಕ ಬುದ್ಧಿಮತ್ತೆ ಎಂದೊಡನೆ ನಮಗೆ ನೆನಪಾಗುವುದು ಗೂಗಲ್, ಮೈಕ್ರೋಸಾಫ್ಟ್‌ನಂತಹ ದೈತ್ಯ ಸಂಸ್ಥೆಗಳು. ಹತ್ತು ಹನ್ನೆರಡು ಮಂದಿ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದು ಇವರ ಎದುರು ನಿಲ್ಲುವುದು ಸಾಧ್ಯವೇ? ಹಣದ ಬಲದಲ್ಲಿ ಸಾಧ್ಯವಿಲ್ಲ. ಆದರೆ ದೊಡ್ಡವರ ಯಂತ್ರ ಯಾರನ್ನು ಕೈಬಿಟ್ಟಿದೆಯೋ ಅವರ ಬಳಿಗೆ ಹೋದರೆ ಸಾಧ್ಯವಿದೆ. ಅದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಪಕ್ಷಪಾತ ಹುಟ್ಟುವ ಬಗೆ

ಯಂತ್ರ ತಾನಾಗಿ ಯಾರನ್ನೂ ದ್ವೇಷಿಸುವುದಿಲ್ಲ. ಅದಕ್ಕೆ ಯಾರ ಮುಖ, ಯಾರ ಧ್ವನಿಯನ್ನು ಹೆಚ್ಚಾಗಿ ಕಲಿಸಿದ್ದೇವೋ ಅವರನ್ನು ಚೆನ್ನಾಗಿ ಗುರುತಿಸುತ್ತದೆ. ಉಳಿದವರ ವಿಷಯದಲ್ಲಿ ಎಡವುತ್ತದೆ. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು, ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಸಂಸ್ಥೆಗಳ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇಕಡಾ 0.8ನ್ನು ಮೀರಲಿಲ್ಲ. ಕಪ್ಪು ಬಣ್ಣದ ಮಹಿಳೆಯರ ವಿಷಯದಲ್ಲಿ ಅದು ಶೇಕಡಾ 34.7ರವರೆಗೆ ಏರಿತ್ತು. 2020ರಲ್ಲಿ ಅಮೆರಿಕದಲ್ಲಿ ಐದು ದೊಡ್ಡ ಸಂಸ್ಥೆಗಳ ಧ್ವನಿ ತಂತ್ರಾಂಶಗಳನ್ನು ಪರೀಕ್ಷಿಸಿದಾಗಲೂ ಇದೇ ಕಥೆ. ಬಿಳಿಯರ ಮಾತಿನಲ್ಲಿ ನೂರಕ್ಕೆ ಸುಮಾರು 19 ಪದಗಳು ತಪ್ಪಿದ್ದರೆ, ಕರಿಯರ ಮಾತಿನಲ್ಲಿ 35 ತಪ್ಪಿದ್ದವು.

ಕಲಬುರಗಿಯ ಒಂದು ಉದಾಹರಣೆ

ಇದು ದೂರದೇಶದ ಸಮಸ್ಯೆ ಮಾತ್ರವಲ್ಲ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯದಿಂದಾಗಿ ಕಲಬುರಗಿ ನಮ್ಮ ಓದುಗರಿಗೆ ಪರಿಚಿತ ಊರು. ಅಲ್ಲಿ ಸೂಪರ್ ಮಾರ್ಕೆಟ್ ಎಂದರೆ ಒಂದು ಅಂಗಡಿಯಲ್ಲ, ನಗರದ ಮುಖ್ಯ ವ್ಯಾಪಾರ ಪ್ರದೇಶ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಅದೇ ಜಿಲ್ಲೆಯಲ್ಲಿದೆ.

ಬಾಯಲ್ಲಿ ಹೇಳಿದ ಲೆಕ್ಕವನ್ನು ಬರೆದಿಡುವ ಒಂದು ತಂತ್ರಾಂಶ ಈ ಮಾರುಕಟ್ಟೆಗೆ ಬಂದಿತೆಂದು ಭಾವಿಸೋಣ. ಕಮಲಾಪುರದ ರೈತರೊಬ್ಬರು ಬಾಳೆಗೆ 'ದೀಡ ನೂರು' ಎನ್ನುತ್ತಾರೆ. ಆ ಕಡೆ ಅದರ ಅರ್ಥ ನೂರೈವತ್ತು. 'ದೀಡ' ಎಂಬ ಪದವನ್ನೇ ಕೇಳದ ಯಂತ್ರ 'ನೂರು' ಎಂದು ಬರೆದುಕೊಂಡರೆ ರೈತನಿಗೆ ಐವತ್ತು ರೂಪಾಯಿ ನಷ್ಟ. 'ಬರ್‍ಲಕತ್ತೀನಿ' ಎಂಬುದೂ 'ಬರುತ್ತಿದ್ದೇನೆ' ಎಂಬುದೂ ಒಂದೇ ಎಂದು ಪುಸ್ತಕದ ಕನ್ನಡ ಮಾತ್ರ ಕಲಿತ ಯಂತ್ರಕ್ಕೆ ತಿಳಿಯುವುದು ಕಷ್ಟ. ಅದೇ ಮಾರುಕಟ್ಟೆಯಲ್ಲಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತನಾಡುವವರೂ ಇದ್ದಾರೆ.

ಈ ತಪ್ಪು ಕಣ್ಣಿಗೆ ಬೀಳದಿರಲು ಕಾರಣ ಸರಾಸರಿ. ನೂರು ಮಂದಿ ಬಳಸುತ್ತಾರೆ. 90 ಮಂದಿ ಪುಸ್ತಕಕ್ಕೆ ಹತ್ತಿರದ ಕನ್ನಡದವರು, 10 ಮಂದಿ ಕಮಲಾಪುರದವರು ಎಂದಿಟ್ಟುಕೊಳ್ಳಿ. ಮೊದಲಿನವರಲ್ಲಿ 88 ಮಂದಿಯ ಮಾತು, ಎರಡನೆಯವರಲ್ಲಿ 4 ಮಂದಿಯ ಮಾತು ಸರಿಯಾಗಿ ದಾಖಲಾಯಿತು. 'ನೂರಕ್ಕೆ 92 ಸರಿ' ಎಂದು ಜಾಹೀರಾತು ಹೊರಡುತ್ತದೆ. ಕಮಲಾಪುರದ ಹತ್ತರಲ್ಲಿ ಆರು ಮಂದಿಗೆ ಅನ್ಯಾಯವಾದದ್ದು ಆ 92ರೊಳಗೆ ಮುಚ್ಚಿಹೋಗುತ್ತದೆ.

ಸಣ್ಣವರು ಮಾಡಬಹುದಾದದ್ದು

ಜಗತ್ತಿಗೆಲ್ಲ ಒಂದೇ ಯಂತ್ರ ಮಾರುವವರಿಗೆ ಈ ಆರು ಮಂದಿ ದೊಡ್ಡ ಲೆಕ್ಕವಲ್ಲ. ಕಲಬುರಗಿಯಲ್ಲೇ ಇರುವ ಸಣ್ಣ ಸಂಸ್ಥೆಗೆ ಅವರೇ ಗ್ರಾಹಕರು. ಅದು ಒಂದೇ ಕೆಲಸವನ್ನು, ಉದಾಹರಣೆಗೆ ಹಣ್ಣಿನ ವ್ಯಾಪಾರದ ಲೆಕ್ಕವನ್ನು ಆರಿಸಿಕೊಳ್ಳಬಹುದು. ರೈತರು, ಮಹಿಳೆಯರು, ವೃದ್ಧರ ಧ್ವನಿಯನ್ನು ಅವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಸಂಗ್ರಹಿಸಬಹುದು. ಪ್ರತಿ ಗುಂಪಿನ ತಪ್ಪನ್ನೂ ಬೇರೆ ಬೇರೆಯಾಗಿ ಅಳೆದು ಕೊಳ್ಳುವವರ ಮುಂದಿಡಬಹುದು. ಸಂಶಯ ಬಂದಾಗ 'ನೂರೋ, ನೂರೈವತ್ತೋ?' ಎಂದು ಯಂತ್ರವೇ ತಿರುಗಿ ಕೇಳುವಂತೆ ಮಾಡಬಹುದು.

ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಗಿಯೂ ಇಲ್ಲ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳ ಮಾದರಿಗಳನ್ನು ಮುಕ್ತವಾಗಿ ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನೊಂದಿಗೆ 'ವಾಣಿ' ಯೋಜನೆಯಲ್ಲಿ ಜಿಲ್ಲಾವಾರು ಧ್ವನಿ ಸಂಗ್ರಹಿಸಿ ಎಲ್ಲರಿಗೂ ತೆರೆದಿಟ್ಟಿದೆ. ಈ ಅಡಿಪಾಯದ ಮೇಲೆ ಸ್ಥಳೀಯ ಮಾತನ್ನು ಸೇರಿಸುವುದೇ ಸಣ್ಣವರ ಕೆಲಸ.

ಜನರಿಗೆ ನ್ಯಾಯವಾದ ಕೂಲಿ ಕೊಟ್ಟು ಇದನ್ನು ಮಾಡಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. 2021ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಕಾರ್ಯ' ಎಂಬ ಸಂಸ್ಥೆ ಹಳ್ಳಿಗಳ ಜನರಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿ ಸಂಗ್ರಹಿಸಿತು. 2023ರ ವರದಿಗಳ ಪ್ರಕಾರ ಗಂಟೆಗೆ ಸುಮಾರು 5 ಡಾಲರ್ ಸಂಭಾವನೆ ನೀಡುತ್ತಿತ್ತು. ಅದೇ ಧ್ವನಿ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಸಲ್ಲುವ ಏರ್ಪಾಡು ಮಾಡಿತ್ತು.

ನಮಗೂ ಸಂಬಂಧಿಸಿದ ವಿಷಯ

ಕರಾವಳಿಯ ನಮಗೆ ಇದು ಪರರ ಕಥೆಯಲ್ಲ. ಗೂಗಲ್ ಅನುವಾದಕ್ಕೆ 2022ರಲ್ಲಿ ಕೊಂಕಣಿ ಸೇರಿತು, ಆದರೆ ದೇವನಾಗರಿ ಲಿಪಿಯಲ್ಲಿ. ಮಂಗಳೂರಿನ ನಾವು ತಲೆಮಾರುಗಳಿಂದ ಕೊಂಕಣಿಯನ್ನು ಓದಿ ಬರೆಯುತ್ತಿರುವುದು ಕನ್ನಡ ಲಿಪಿಯಲ್ಲಿ. ಪಟ್ಟಿಯಲ್ಲಿ ಭಾಷೆಯ ಹೆಸರಿದ್ದ ಮಾತ್ರಕ್ಕೆ ಆ ಭಾಷೆಯ ಎಲ್ಲ ಜನರೂ ಒಳಗೆ ಬಂದಂತಾಗಲಿಲ್ಲ.

ಪ್ರಾಮಾಣಿಕವಾಗಿ ದುಡಿಯುವ ಸಣ್ಣ ಸಂಸ್ಥೆಗೆ ತೊಂದರೆಗಳೂ ಇವೆ. ಈ ಕೆಲಸ ನಿಧಾನ, ಖರ್ಚೂ ಹೆಚ್ಚು. ಕೊಳ್ಳುವವರು ಬೆಲೆಯನ್ನು ಮಾತ್ರ ಕೇಳಿದರೆ ಅದು ಉಳಿಯಲಾರದು. ಆದ್ದರಿಂದ ಶಾಲೆ, ಆಸ್ಪತ್ರೆ, ಸೇವಾ ಸಂಸ್ಥೆಗಳನ್ನು ನಡೆಸುವ ನಮ್ಮ ಹೊಣೆಯೂ ಇದರಲ್ಲಿದೆ. 2020ರ ಫೆಬ್ರವರಿ 28ರಂದು ರೋಮಿನಲ್ಲಿ ವ್ಯಾಟಿಕನ್ನಿನ ಜೀವ ಅಕಾಡೆಮಿಯೊಂದಿಗೆ ಮೈಕ್ರೋಸಾಫ್ಟ್ ಮತ್ತು ಐಬಿಎಂ ಸಹಿ ಮಾಡಿದ ಕರೆಯೂ ನಿಷ್ಪಕ್ಷಪಾತವನ್ನು ತನ್ನ ತತ್ವಗಳಲ್ಲಿ ಸೇರಿಸಿಕೊಂಡಿದೆ.

ಇನ್ನು ಮುಂದೆ ಯಾರಾದರೂ ಇಂತಹ ತಂತ್ರಾಂಶ ಮಾರಲು ಬಂದರೆ ಮೂರು ಪ್ರಶ್ನೆ ಕೇಳೋಣ. ಇದು ಯಾರ ಧ್ವನಿಯಿಂದ ಕಲಿತಿದೆ, ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ? ಸರಾಸರಿ ಬಿಟ್ಟು, ನಮ್ಮ ಜನರಲ್ಲಿ ಎಷ್ಟು ತಪ್ಪುತ್ತದೆ? ತಪ್ಪಿದಾಗ ಸರಿಪಡಿಸುವ ಮನುಷ್ಯ ಯಾರು? ಇವಕ್ಕೆ ನೇರವಾಗಿ ಉತ್ತರ ಕೊಡುವ ಸಂಸ್ಥೆ ಎಷ್ಟೇ ಚಿಕ್ಕದಾಗಿದ್ದರೂ ಅದಕ್ಕೆ ನಮ್ಮ ಬೆಂಬಲವಿರಲಿ.