ದೂರದ ಬೆಂಕಿ, ಮನೆಯೊಳಗೆ ಹೊಗೆ: ಗಾಳಿ ಕೆಟ್ಟ ದಿನ ಒಂದು ಕೋಣೆಯನ್ನಾದರೂ ಉಳಿಸಿಕೊಳ್ಳುವುದು ಹೇಗೆ?

2023ರ ಜೂನ್ 7ರಂದು ನ್ಯೂಯಾರ್ಕ್ ನಗರದ ಆಕಾಶ ಹಾಡಹಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಬೇಸ್‌ಬಾಲ್ ಪಂದ್ಯ ಮುಂದಕ್ಕೆ ಹೋಯಿತು, ನಾಟಕ ಪ್ರದರ್ಶನಗಳು ರದ್ದಾದವು. ನಗರದಲ್ಲಿ ಎಲ್ಲಿಯೂ ಬೆಂಕಿ ಬಿದ್ದಿರಲಿಲ್ಲ. ಉರಿಯುತ್ತಿದ್ದುದು ನೂರಾರು ಕಿಲೋಮೀಟರ್ ದೂರದಲ್ಲಿರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕಾಡು. ಆ ವರ್ಷ ಕೆನಡಾದಲ್ಲಿ ಸುಟ್ಟುಹೋದ ಪ್ರದೇಶ ಸುಮಾರು 1.5 ಕೋಟಿ ಹೆಕ್ಟೇರ್. ಅಂದರೆ ಹೆಚ್ಚೂಕಡಿಮೆ ಕರ್ನಾಟಕದ ಮುಕ್ಕಾಲು ಭಾಗದಷ್ಟು.

ದೂರದ ಬೆಂಕಿಯ ಹೊಗೆ ಊರಿಗೆ ಬಂದು ಕೂರುವುದು ಭಾರತಕ್ಕೂ ಹೊಸದಲ್ಲ. 2024ರ ಏಪ್ರಿಲ್‌ನಲ್ಲಿ ಉತ್ತರಾಖಂಡದ ನೈನಿತಾಲ್ ಸುತ್ತಲಿನ ಕಾಡ್ಗಿಚ್ಚು ಆರಿಸಲು ವಾಯುಪಡೆಯ ಹೆಲಿಕಾಪ್ಟರ್ ಭೀಮತಾಲ್ ಕೆರೆಯಿಂದ ನೀರು ಹೊತ್ತೊಯ್ಯಬೇಕಾಯಿತು. ಪ್ರತಿ ಅಕ್ಟೋಬರ್-ನವೆಂಬರ್‌ನಲ್ಲಿ ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಸುಡುವ ಭತ್ತದ ಕೂಳೆಯ ಹೊಗೆ ದೆಹಲಿಯ ವಾಹನ, ಕಾರ್ಖಾನೆ, ಧೂಳಿನ ಜೊತೆ ಸೇರುತ್ತದೆ. ಕಾಡಿನದಾಗಲಿ, ಗದ್ದೆಯದಾಗಲಿ, ಈ ಹೊಗೆಯನ್ನು ಒಂದು ಮನೆಯವರು ತಡೆಯಲಾರರು. ಆದರೆ ದಿನಕ್ಕೆ ಎಷ್ಟು ಹೊಗೆ ಎದೆಗೆ ಇಳಿಯುತ್ತದೆ ಎನ್ನುವುದನ್ನು ಬಹಳಷ್ಟು ಕಡಿಮೆ ಮಾಡಿಕೊಳ್ಳಬಹುದು.

ಹೊಗೆಯಲ್ಲಿ ಅಪಾಯ ಯಾವುದು?

ಕಣ್ಣುರಿ, ಗಂಟಲು ಕೆರೆತ ಎಲ್ಲರಿಗೂ ಗೊತ್ತಾಗುತ್ತದೆ. ಹೆಚ್ಚು ಹಾನಿ ಮಾಡುವುದು ಕಣ್ಣಿಗೆ ಕಾಣದ ಪಿಎಂ 2.5 ಕಣಗಳು. ಇವುಗಳ ಅಗಲ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಮೂಗು, ಗಂಟಲು ಇವನ್ನು ತಡೆಯಲಾರವು. ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಹಾಗಾಗಿಯೇ ಹೊಗೆ ಹೆಚ್ಚಿದ ದಿನಗಳಲ್ಲಿ ಆಸ್ತಮಾ ಇರುವವರ ಜೊತೆ ಹೃದ್ರೋಗಿಗಳಿಗೂ ತೊಂದರೆ ಹೆಚ್ಚುತ್ತದೆ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಹೆಚ್ಚು ಎಚ್ಚರವಾಗಿರಬೇಕು.

ಹಾನಿಯ ಲೆಕ್ಕ ಸರಳ. ಗಾಳಿಯಲ್ಲಿ ಎಷ್ಟು ಕಣ ಇದೆ, ಎಷ್ಟು ಹೊತ್ತು ಉಸಿರಾಡಿದಿರಿ, ಎಷ್ಟು ಜೋರಾಗಿ ಉಸಿರಾಡಿದಿರಿ ಎಂಬ ಮೂರೂ ಸೇರುತ್ತವೆ. ಓಡುವಾಗ ಒಳಗೆಳೆದುಕೊಳ್ಳುವ ಗಾಳಿ ಸುಮ್ಮನೆ ಕುಳಿತಾಗಿನ ಹಲವು ಪಟ್ಟು. ಹೊಗೆ ಕವಿದ ಮುಂಜಾನೆ ಪಾರ್ಕಿನಲ್ಲಿ ಜಾಗಿಂಗ್ ಮಾಡಿದರೆ ಆರೋಗ್ಯಕ್ಕೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಎರಡು ಆ್ಯಪ್, ಎರಡು ಅಂಕಿ ಏಕೆ?

ಒಂದೇ ಊರು, ಒಂದೇ ಹೊತ್ತು, ಆದರೂ ಒಂದು ಆ್ಯಪ್ ಗಾಳಿ ಪರವಾಗಿಲ್ಲ ಎನ್ನುತ್ತದೆ, ಇನ್ನೊಂದು ಕೆಂಪು ಬಣ್ಣ ತೋರಿಸುತ್ತದೆ. ಯಾವುದೂ ಸುಳ್ಳಲ್ಲ, ಅಳತೆಗೋಲು ಬೇರೆ. ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 ಇದ್ದರೆ ಭಾರತದ ಎಕ್ಯೂಐ 100, ಅಂದರೆ ಇನ್ನೂ 'ಸಮಾಧಾನಕರ'. ಅಮೆರಿಕದ ಸೂತ್ರದಲ್ಲಿ ಅದೇ ಗಾಳಿಯ ಎಕ್ಯೂಐ 150 ದಾಟಿ 'ಅನಾರೋಗ್ಯಕರ' ಎನಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ 24 ಗಂಟೆಗಳ ಮಿತಿ ಕೇವಲ 15 ಮೈಕ್ರೋಗ್ರಾಂ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಿಸುವ ಎಕ್ಯೂಐ 24 ಗಂಟೆಗಳ ಸರಾಸರಿ. ಈಗ, ಈ ಗಂಟೆಯಲ್ಲಿ ಹೊರಗೆ ಹೋಗಬಹುದೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಅದಕ್ಕೆ ಹತ್ತಿರದ ಮಾಪನ ಕೇಂದ್ರದ ಗಂಟೆವಾರು ಪಿಎಂ 2.5 ಮಟ್ಟ ನೋಡಬೇಕು. ದೆಹಲಿಯ ಚಳಿಗಾಲದಲ್ಲಿ ರಾತ್ರಿ ಮತ್ತು ಮುಂಜಾನೆ ಹೊಗೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಬಿಸಿಲೇರಿ ಗಾಳಿ ಆಡತೊಡಗಿದ ಮೇಲೆ, ಸಾಮಾನ್ಯವಾಗಿ ಮಧ್ಯಾಹ್ನ, ಸ್ವಲ್ಪ ತಿಳಿಯಾಗುತ್ತದೆ. ತರಕಾರಿ ತರುವುದು, ಬ್ಯಾಂಕಿಗೆ ಹೋಗುವುದು, ಕಿಟಕಿ ತೆರೆಯುವುದು ಎಲ್ಲವನ್ನೂ ಆ ಹೊತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಇಡೀ ಮನೆ ಬೇಡ, ಒಂದು ಕೋಣೆ ಸಾಕು

ಕಿಟಕಿ, ಬಾಗಿಲು ಮುಚ್ಚಿದರೆ ಹೊಗೆ ನಿಧಾನವಾಗಿ ಬರುತ್ತದೆಯೇ ಹೊರತು ನಿಲ್ಲುವುದಿಲ್ಲ. ಸಂದುಗಳಿಂದ ಗಂಟೆಗಟ್ಟಲೆ ಒಳಗೆ ಸೇರುತ್ತಲೇ ಇರುತ್ತದೆ. ಕಾಡ್ಗಿಚ್ಚಿನ ಹೊಗೆಯ ಅನುಭವವಿರುವ ಅಮೆರಿಕದಲ್ಲಿ ಆರೋಗ್ಯ ಇಲಾಖೆಗಳು ಕೊಡುವ ಸಲಹೆ ಇಡೀ ಮನೆಯ ಬದಲು ಒಂದು ಕೋಣೆಯನ್ನು ಆರಿಸಿಕೊಳ್ಳಿ ಎಂಬುದು. ಕಿಟಕಿ ಕಡಿಮೆ ಇರುವ ಮಲಗುವ ಕೋಣೆ ಇದಕ್ಕೆ ಸೂಕ್ತ, ಏಕೆಂದರೆ ದಿನದ ಏಳೆಂಟು ಗಂಟೆ ಅಲ್ಲಿಯೇ ಕಳೆಯುತ್ತದೆ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ಇಟ್ಟು, ಕಿಟಕಿಯ ಅಂಚಿಗೆ ಟೇಪ್ ಹಚ್ಚಬಹುದು.

ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಹೆಪಾ ಫಿಲ್ಟರ್ ಇದೆಯೇ, ಸಿಎಡಿಆರ್ ಎಷ್ಟು ಎಂದು ನೋಡಬೇಕು. ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎನ್ನುವುದೇ ಸಿಎಡಿಆರ್. 10x12 ಅಡಿಯ ಕೋಣೆಗೆ ಹೊಗೆಯ ದಿನಗಳಲ್ಲಿ ಗಂಟೆಗೆ ಕನಿಷ್ಠ 200 ಘನ ಮೀಟರ್ ಇರಬೇಕು. ಓಝೋನ್ ಬಿಡುವ ಯಂತ್ರಗಳು ಬೇಡ, ಓಝೋನ್ ಸ್ವತಃ ಶ್ವಾಸಕೋಶಕ್ಕೆ ಕೆಡುಕು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಆದರೆ ಸಣ್ಣ ಕಣಗಳನ್ನು ಹಿಡಿಯುವುದಿಲ್ಲ. ಏರ್ ಕೂಲರ್ ಹೊರಗಿನ ಹೊಗೆಯನ್ನೇ ಒಳಗೆ ಎಳೆಯುತ್ತದೆ.

ಪ್ಯೂರಿಫೈಯರ್ ದುಬಾರಿಯಾದರೆ ಇನ್ನೊಂದು ದಾರಿಯಿದೆ. 2020ರಲ್ಲಿ ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂತಾಲ್, ಫ್ಯಾನ್ ಒಂದಕ್ಕೆ ಫಿಲ್ಟರ್‌ಗಳನ್ನು ಪೆಟ್ಟಿಗೆಯಂತೆ ಜೋಡಿಸಿ ಟೇಪ್ ಸುತ್ತುವ ಸರಳ ವಿಧಾನ ರೂಪಿಸಿದರು. ಕೆಲಸ ಮಾಡುವ ತತ್ವ ಪ್ಯೂರಿಫೈಯರ್‌ನದ್ದೇ: ಗಾಳಿ ಫಿಲ್ಟರ್ ಮೂಲಕವೇ ಹಾಯಬೇಕು. ಇಂಥದ್ದನ್ನು ಮನೆಯಲ್ಲಿ ಮಾಡಿಕೊಂಡರೆ ಫ್ಯಾನ್‌ನ ಮೋಟಾರ್ ಬಿಸಿಯಾಗುತ್ತಿದೆಯೇ ಎಂದು ಗಮನಿಸುತ್ತಿರಬೇಕು, ಯಾರೂ ಇಲ್ಲದಾಗ ಚಾಲೂ ಬಿಡಬಾರದು.

ಒಳಗಿನ ಹೊಗೆಯೂ ಹೊಗೆಯೇ

ಕಿಟಕಿ ಮುಚ್ಚಿದ ಮನೆಯಲ್ಲಿ ಊದುಬತ್ತಿ, ಧೂಪ, ಸೊಳ್ಳೆಬತ್ತಿ, ಸಿಗರೇಟು ಎಲ್ಲವೂ ಪಿಎಂ 2.5 ಹೆಚ್ಚಿಸುತ್ತವೆ. ದೇವರ ಮುಂದೆ ಆ ದಿನಗಳಲ್ಲಿ ಹೂವು, ಸಣ್ಣ ದೀಪ ಸಾಕು. ಎಣ್ಣೆಯಲ್ಲಿ ಕರಿಯುವುದರ ಬದಲು ಇಡ್ಲಿ, ಅನ್ನ, ಸಾರು ಮಾಡಿಕೊಂಡರೆ ಅಡುಗೆಮನೆಯ ಹೊಗೆಯೂ ಕಡಿಮೆ. ಪೊರಕೆಯಿಂದ ಗುಡಿಸಿದರೆ ಧೂಳು ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಒಂದು ತಪ್ಪು ಪ್ರಾಣಕ್ಕೇ ಕುತ್ತು. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಂಗೀಠಿ ಉರಿಸಿ ಮಲಗಿದವರು ಬೆಳಗ್ಗೆ ಏಳದ ಸುದ್ದಿ ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಯಾವ ಹೆಪಾ ಫಿಲ್ಟರ್ ಕೂಡ ಅದನ್ನು ತಡೆಯುವುದಿಲ್ಲ.

ಮಾಸ್ಕ್ ಯಾವುದು?

ಕರ್ಚೀಫು, ದುಪಟ್ಟಾ, ಬಟ್ಟೆ ಮಾಸ್ಕ್ ಧೂಳನ್ನು ತಡೆಯಬಹುದು, ಹೊಗೆಯ ಕಣಗಳನ್ನಲ್ಲ. ಎನ್95 ಮಾಸ್ಕ್ ಬೇಕು, ಅದೂ ಮುಖಕ್ಕೆ ಸರಿಯಾಗಿ ಅಂಟಿರಬೇಕು. ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಮೂಗಿನ ಬಳಿ ಗಾಳಿ ಸೋರುತ್ತಿದೆ ಎಂದರ್ಥ. ದಪ್ಪ ಗಡ್ಡವಿದ್ದರೆ ಬಿಗಿ ಸಿಗುವುದಿಲ್ಲ. ಚಿಕ್ಕ ಮಕ್ಕಳ ಮುಖಕ್ಕೆ ದೊಡ್ಡವರ ಮಾಸ್ಕ್ ಕೂರುವುದಿಲ್ಲ, ಅವರನ್ನು ಒಳಗಿರಿಸುವುದೇ ಸರಿ.

ಆಸ್ತಮಾ ಇರುವವರು ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಬಿಡಬಾರದು, ಹೊಗೆಯ ಕಾಲ ಶುರುವಾಗುವ ಮೊದಲೇ ಒಂದು ಹೆಚ್ಚುವರಿ ಇಟ್ಟುಕೊಳ್ಳಬೇಕು. ಎದೆನೋವು, ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಅಥವಾ 112ಕ್ಕೆ ಕರೆ ಮಾಡಬೇಕು.

ಬಾಗಿಲಾಚೆ ಇರುವವರು

ಈ ಸಲಹೆಗಳೆಲ್ಲ ಮುಚ್ಚಲು ಕಿಟಕಿ ಇರುವವರಿಗೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿಯಿಡೀ ಕೂರುವ ಕಾವಲುಗಾರ, ಆರ್ಡರ್ ತಂದುಕೊಡುವ ಹುಡುಗ, ರಸ್ತೆ ಗುಡಿಸುವ ಪೌರಕಾರ್ಮಿಕರು ಅತಿ ಕೆಟ್ಟ ಗಂಟೆಗಳಲ್ಲೇ ಹೊರಗಿರುತ್ತಾರೆ. ಅವರಿಗೆ ನಾಲ್ಕು ಎನ್95 ಮಾಸ್ಕ್ ಕೊಡುವುದು, ಕಾವಲುಗಾರನಿಗೆ ಲಾಬಿಯ ಒಳಗೆ ಕುರ್ಚಿ ಹಾಕಿಕೊಡುವುದು, ಮನೆಗೆಲಸಕ್ಕೆ ಬರುವವರಿಗೆ ಮುಂಜಾನೆಯ ಬದಲು ಮಧ್ಯಾಹ್ನ ಬರಲು ಹೇಳುವುದು ಯಾವ ಸೊಸೈಟಿಗೂ ಹೊರೆಯಲ್ಲ. ಅವರ ಎದೆಗೆ ಇಳಿಯುವ ಹೊಗೆಯೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.