ಮರಿ ಕಾಯುವ ಮೀನಿಗೆ ಗಾಳವೇ?

ಜೂನ್ ತಿಂಗಳ ಮೊದಲ ಜಡಿಮಳೆ ಸುರಿದ ರಾತ್ರಿ ಕಾರ್ಕಳದ ಸುತ್ತಣ ಗದ್ದೆಬಯಲುಗಳಲ್ಲಿ ದೀಪಗಳು ಓಡಾಡತೊಡಗುತ್ತವೆ. ಹಿಂದೆ ಅದು ತೆಂಗಿನ ಒಣಗರಿಯ ಸೂಟೆಯ ಬೆಳಕಾಗಿತ್ತು. ಬಳಿಕ ಗ್ಯಾಸ್‌ಲೈಟು ಬಂತು. ಈಗ ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ ದೀಪ. ಬೆಳಕು ಬದಲಾದರೂ ಕೈಯಲ್ಲಿನ ಕತ್ತಿ, ಹೆಗಲ ಮೇಲಿನ ಬಲೆ, ತೋಡಿನ ಬಾಯಿಗೆ ಒಡ್ಡುವ ಬಿದಿರಿನ ಕೂಳಿ ಹೆಚ್ಚೇನೂ ಬದಲಾಗಿಲ್ಲ. ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ, ಹೊಸನೀರಿಗೆ ಎದುರಾಗಿ ಏರಿ ಬರುವ ಈ ಮೀನಿಗೆ ತುಳುವರು ‘ಉಬರ್ ಮೀನು’ ಎನ್ನುತ್ತಾರೆ. ಘಟ್ಟದ ಮೇಲಿನವರಿಗೆ ಅದು ‘ಹತ್ತುಮೀನು’. ಜಾತಿ, ಮತಗಳ ಭೇದವಿಲ್ಲದೆ ಊರಿಗೆ ಊರೇ ಗದ್ದೆಗಿಳಿಯುವ ಈ ರಾತ್ರಿಗಳು ನಮ್ಮ ಕ್ರೈಸ್ತ ಮನೆಗಳಲ್ಲಿಯೂ ಹಬ್ಬದ ಸಡಗರವನ್ನೇ ತರುತ್ತವೆ.

ಇಂತಹ ಒಂದು ರಾತ್ರಿಯ ಮರುದಿನ, ಆದಿತ್ಯವಾರದ ಬಲಿಪೂಜೆಯ ಬಳಿಕ, ಇಗರ್ಜಿಯ ಅಂಗಳದಲ್ಲಿ ಕೆಲವು ಯುವಕರು ತಮ್ಮ ಮೊಬೈಲಿನಲ್ಲಿದ್ದ ಚಿತ್ರವನ್ನು ನಮಗೆ ತೋರಿಸಿದರು. ಎರಡು ಬಕೆಟ್ಟುಗಳ ತುಂಬ ಮುಗುಡು ಮೀನು. ಬಹುಪಾಲು ಮೀನುಗಳ ಹೊಟ್ಟೆ ಮೊಟ್ಟೆಯಿಂದ ಬಿರಿಯುವಂತಿತ್ತು. ಪಕ್ಕದಲ್ಲಿದ್ದ ವಾಳೆಯ ಗುರಿಕಾರರು, “ಫಾದರ್, ಇದು ಪಾಪವೇ?” ಎಂದು ಕೇಳಿದರು. ಅವರು ನಗುತ್ತ ಕೇಳಿದ್ದರು. ನಮಗೆ ನಗುತ್ತ ಉತ್ತರಿಸಲು ಸಾಧ್ಯವಾಗಲಿಲ್ಲ. ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ಏರುವ ಮೀನಿನ ಗುಟ್ಟು

ಮೀನು ಗದ್ದೆಗೆ ಏರುವುದು ಆಟಕ್ಕಾಗಿ ಅಲ್ಲ. ಮಳೆಗಾಲದ ಆರಂಭದಲ್ಲಿ ಹೊಳೆ ಕೆಂಪೇರಿ ರಭಸದಿಂದ ಹರಿಯುತ್ತದೆ. ಅಲ್ಲಿ ಇಟ್ಟ ಮೊಟ್ಟೆ ಕೊಚ್ಚಿಹೋಗುತ್ತದೆ. ಗದ್ದೆಯ ನೀರಾದರೋ ಮೊಣಕಾಲೆತ್ತರಕ್ಕೂ ಕಡಿಮೆ. ಅದು ನಿಧಾನವಾದ ನೀರು, ಬಿಸಿಲಿಗೆ ಬೇಗನೆ ಬೆಚ್ಚಗಾಗುವ ನೀರು. ಹುಲ್ಲಿನ ಬುಡದಲ್ಲಿ ಮೊಟ್ಟೆ ಅಂಟಿ ನಿಲ್ಲುತ್ತದೆ. ಮರಿಗಳಿಗೆ ಬೇಕಾದ ಸೂಕ್ಷ್ಮ ಜೀವಿಗಳು ಅಲ್ಲಿ ಹೇರಳ. ನುಂಗುವ ದೊಡ್ಡ ಮೀನುಗಳು ವಿರಳ. ಹೀಗೆ ನಾವು ನೇಜಿ ನೆಡುವ ಗದ್ದೆಯೇ ಹೊಳೆಯ ಮೀನಿಗೆ ಹೆರಿಗೆ ಮನೆ. ಮಳೆ ಇಳಿಮುಖವಾದಾಗ ಮರಿಗಳು ಬಸಿಯುವ ನೀರಿನೊಡನೆ ತೋಡಿಗೆ, ಅಲ್ಲಿಂದ ಹೊಳೆಗೆ ಮರಳುತ್ತವೆ.

ಆ ಹೊಳೆಯೂ ನಮ್ಮೆಲ್ಲರದು. ಕಾರ್ಕಳದ ಮೂಡಣ ಘಟ್ಟದ ತಪ್ಪಲಿನಲ್ಲಿ ಹುಟ್ಟುವ ಸ್ವರ್ಣಾ ನದಿ ಹಿರಿಯಡ್ಕದ ಬಳಿಯ ಬಜೆ ಅಣೆಕಟ್ಟಿನಲ್ಲಿ ಉಡುಪಿ, ಮಣಿಪಾಲಗಳ ಬಾಯಾರಿಕೆಯನ್ನು ತಣಿಸಿ, ಮಣಿಪಾಲದ ಗುಡ್ಡದ ಬುಡದಲ್ಲಿ ಹರಿದು, ಮಿಲಾಗ್ರಿಸ್ ಮಾತೆಯ ಪ್ರಧಾನಾಲಯವಿರುವ ಕಲ್ಯಾಣಪುರವನ್ನು ಹಾದು, ಸೀತಾನದಿಯೊಡನೆ ಕೋಡಿ ಬೆಂಗ್ರೆಯಲ್ಲಿ ಕಡಲನ್ನು ಸೇರುತ್ತದೆ. ದಕ್ಷಿಣಕ್ಕೆ ಉದ್ಯಾವರದ ಪಾಪನಾಶಿನಿ ಹೊಳೆ ಮಟ್ಟುವಿನ ಗದ್ದೆಗಳ ಬದಿಯಲ್ಲಿ ಹರಿಯುತ್ತದೆ. ಮೇಲಿನ ಗದ್ದೆಯಲ್ಲಿ ಒಂದು ರಾತ್ರಿ ನಡೆದ ಕೊಲೆಯ ಲೆಕ್ಕವನ್ನು ಕೆಳಗಿನ ಹೊಳೆ ಮುಂದಿನ ವರ್ಷ ಒಪ್ಪಿಸುತ್ತದೆ.

ಅಜ್ಜಿ ಉಣ್ಣದ ಮೀನು

ಗದ್ದೆಯಂಚಿನ ಮನೆಯಲ್ಲಿ ಬೆಳೆದ ನಮಗೂ ಬಾಲ್ಯದಲ್ಲಿ ಈ ಚಟವಿತ್ತು. ಕತ್ತಿ ಹಿಡಿಯುವ ವಯಸ್ಸಲ್ಲದ್ದರಿಂದ ನಮ್ಮ ಪಾಲಿಗೆ ಬಂದದ್ದು ಗಾಳ. ಮಳೆ ಹಿಡಿದು ಕೆಲವು ವಾರಗಳಾದ ಮೇಲೆ ಗದ್ದೆಯ ಮೂಲೆಯ ಹೊಂಡದಲ್ಲಿ ನೀರಿನ ಮೇಲ್ಮೈ ಕೆಂಪಗೆ ಕದಡಿದಂತೆ ಕಾಣುವುದುಂಟು. ಅವು ಮಡೆಂಜಿ ಮೀನಿನ ಮರಿಗಳು; ನೂರಾರು ಮರಿಗಳು ಒಂದೇ ಮೋಡದಂತೆ ಕೂಡಿ ಚಲಿಸುತ್ತವೆ. ಅವುಗಳ ಕೆಳಗೆ, ಕಣ್ಣಿಗೆ ಬೀಳದಂತೆ, ತಂದೆತಾಯಿ ಮೀನುಗಳು ಕಾವಲಿರುತ್ತವೆ. ಆ ಮರಿಗಳ ನಡುವೆ ಕಪ್ಪೆಮರಿ ಸಿಕ್ಕಿಸಿದ ಗಾಳವನ್ನು ಇಳಿಬಿಟ್ಟರೆ ಸಾಕು, ಕಾವಲಿನ ಮೀನು ಕ್ಷಣದಲ್ಲಿ ಮೇಲೆರಗುತ್ತದೆ. ಅದಕ್ಕೆ ಹಸಿವಿರಬೇಕೆಂದಿಲ್ಲ. ಮರಿಗಳ ನಡುವೆ ನುಗ್ಗಿದ ಶತ್ರುವನ್ನು ಓಡಿಸಲು ಅದು ಬಾಯಿ ತೆರೆಯುತ್ತದೆ, ಗಾಳಕ್ಕೆ ಬೀಳುತ್ತದೆ.

ಹಾಗೆ ಹಿಡಿದ ಮೊಣಕೈಯುದ್ದದ ಮಡೆಂಜಿಯನ್ನು ಹೆಮ್ಮೆಯಿಂದ ಮನೆಗೆ ತಂದೆವು. ಎಲ್ಲಿ ಸಿಕ್ಕಿತೆಂದು ಅಜ್ಜಿ ವಿಚಾರಿಸಿದರು, ಹೇಳಿದೆವು. ಅವರು ಗದರಲಿಲ್ಲ. ಮೀನನ್ನು ಬೂದಿ ಹಚ್ಚಿ ತಿಕ್ಕಿ, ಕೊಯ್ದು, ಮಸಾಲೆ ಅರೆದು ಸಾರು ಮಾಡಿ ನಮಗೆಲ್ಲ ಬಡಿಸಿದರು. ತಾವು ಮಾತ್ರ ಗಂಜಿಗೆ ಉಪ್ಪಿನಕಾಯಿ ನಂಜಿಕೊಂಡು ಉಂಡೆದ್ದರು. ಮರುದಿನ ಹೊಂಡದ ಬಳಿ ಹೋದಾಗ ಕೆಂಪು ಮೋಡ ಚೆದುರಿತ್ತು. ಬದುವಿನ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ನೀತಿಶಾಸ್ತ್ರದ ಮೊದಲ ಪಾಠ ನಮಗೆ ದೊರೆತದ್ದು ಅಲ್ಲಿ.

ಮುಂದೆ ಗುರುಮಠದಲ್ಲಿ ತತ್ವಶಾಸ್ತ್ರವನ್ನು ಅಭ್ಯಸಿಸುವಾಗ ಅರಿಸ್ಟಾಟಲನ ಪ್ರಾಣಿವಿಷಯಕ ಗ್ರಂಥದಲ್ಲಿ ಆ ಹೊಂಡ ನಮಗೆ ಪುನಃ ಎದುರಾಯಿತು. ಗ್ರೀಸಿನ ನದಿಯ ಮುಗುಡು ಜಾತಿಯ ಮೀನೊಂದರಲ್ಲಿ ಗಂಡುಮೀನು ಮೊಟ್ಟೆಗಳ ಬಳಿಯಲ್ಲಿಯೇ ನಿಂತು, ಮರಿಗಳು ಬೆಳೆಯುವವರೆಗೂ ಬಿಟ್ಟು ಕದಲದೆ ಕಾಯುತ್ತದೆಂದು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಆತ ಬರೆದಿದ್ದ. ಇದು ಬಹುಕಾಲ ಸಂದೇಹಕ್ಕೆ ಗುರಿಯಾಗಿತ್ತು; 19ನೆಯ ಶತಮಾನದಲ್ಲಿ ಲೂಯಿ ಅಗಾಸಿ ಎಂಬ ವಿಜ್ಞಾನಿ ಆತನ ಮಾತನ್ನು ಸಮರ್ಥಿಸಿದ. ಜ್ಞಾನಿ ಬರೆದುದನ್ನು ನಮ್ಮ ಅಜ್ಜಿ ಓದಿರಲಿಲ್ಲ. ಓದದೆಯೂ ಅವರಿಗೆ ಅದು ತಿಳಿದಿತ್ತು.

ಗಾಳದ ಒಂದೇ ಪ್ರಸಂಗ

ಶುಭಸಂದೇಶಗಳ ತುಂಬ ಮೀನುಗಾರಿಕೆ ಇದೆ. ಆದರೆ ಬಹುತೇಕ ಎಲ್ಲ ಕಡೆಯೂ ಅದು ಬಲೆಯ ಮೀನುಗಾರಿಕೆ. ಪ್ರಭು ಯೇಸು ಗಾಳ ಹಾಕಲು ಹೇಳಿದ್ದು ಒಂದೇ ಒಂದು ಬಾರಿ. ಆ ಪ್ರಸಂಗ ಸಂತ ಮತ್ತಾಯನ ಶುಭಸಂದೇಶದ 17ನೆಯ ಅಧ್ಯಾಯದ ಕೊನೆಯಲ್ಲಿದೆ. ಕಫೆರ್ನವುಮಿನಲ್ಲಿ ದೇವಾಲಯದ ತೆರಿಗೆ ಕೇಳಲು ಬಂದಾಗ ಪ್ರಭು ಪೇತ್ರನನ್ನು ಸರೋವರಕ್ಕೆ ಕಳುಹಿಸುತ್ತಾರೆ. ಗಾಳ ಹಾಕಿ ಮೊದಲು ಸಿಕ್ಕಿದ ಮೀನಿನ ಬಾಯಿ ತೆರೆದರೆ ಒಂದು ನಾಣ್ಯ ದೊರೆಯುವುದೆಂದೂ, ಅದರಿಂದ ಇಬ್ಬರ ತೆರಿಗೆ ಸಲ್ಲುವುದೆಂದೂ ತಿಳಿಸುತ್ತಾರೆ.

ಈ ಪವಾಡದ ಒಂದು ಅಂಶವನ್ನು ನಾವು ಗಮನಿಸುವುದು ಕಡಿಮೆ. ಬೇಕಾದದ್ದು ಇಬ್ಬರ ತೆರಿಗೆ. ಸಿಕ್ಕಿದ್ದು ಇಬ್ಬರಿಗೆ ಸರಿಹೋಗುವ ಮೊತ್ತ. ಪೇತ್ರ ಹಿಡಿಯಬೇಕಾದದ್ದು ಒಂದು ಮೀನು. ಎರಡನೆಯ ಮೀನಿಗೆ ಅಪ್ಪಣೆಯೂ ಇಲ್ಲ, ಅಗತ್ಯವೂ ಇಲ್ಲ. ಬಲೆ ಬೀಸಿದವನು ಏನು ಬರುವುದೆಂದು ಆರಿಸಲಾರ. ಗಾಳ ಹಾಕಿದವನ ಕೈಗೆ ಒಂದೊಂದೇ ಮೀನು ಬರುತ್ತದೆ. ಪ್ರತಿಯೊಂದರ ಎದುರಿನಲ್ಲಿಯೂ ‘ಇದು ನನಗೆ ಬೇಕೇ’ ಎಂದು ಕೇಳಿಕೊಳ್ಳುವ ಅವಕಾಶ ಅವನಿಗಿದೆ.

ಇನ್ನೊಂದು ವಾಕ್ಯ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ದಾರಿಯಲ್ಲಿ ಹಕ್ಕಿಗೂಡು ಕಂಡು, ತಾಯಿಹಕ್ಕಿ ಮರಿಗಳ ಮೇಲೋ ಮೊಟ್ಟೆಗಳ ಮೇಲೋ ಕುಳಿತಿದ್ದರೆ, ತಾಯಿಯನ್ನು ಮರಿಗಳೊಡನೆ ಹಿಡಿಯಕೂಡದೆಂದು ಅಲ್ಲಿ ಕಟ್ಟಳೆ. ಹಕ್ಕಿ ಏಕೆ ಹಾರಿಹೋಗದು? ಮರಿಗಳಿರುವುದರಿಂದ. ಅದರ ವಾತ್ಸಲ್ಯವೇ ಅದನ್ನು ನಮ್ಮ ಕೈಗೆ ಸಿಕ್ಕಿಸುತ್ತದೆ. ಆ ವಾತ್ಸಲ್ಯವನ್ನೇ ಎರೆಯಾಗಿ ಬಳಸಬೇಡವೆನ್ನುತ್ತದೆ ದೈವಾಜ್ಞೆ. ಈ ಕಟ್ಟಳೆಯನ್ನು ಪಾಲಿಸುವವರಿಗೆ ಕೊಡಲಾದ ವಾಗ್ದಾನ ಒಳಿತು ಮತ್ತು ದೀರ್ಘಾಯುಸ್ಸು. ತಂದೆತಾಯಿಗಳನ್ನು ಗೌರವಿಸುವವರಿಗೆ ದಶಾಜ್ಞೆಗಳಲ್ಲಿ ಕೊಡಲಾದ ವಾಗ್ದಾನವೂ ಅದೇ. ದೇವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟಿದ್ದಾರೆ.

ಒಂದು ಅಡುಗೆ ತಂದ ಆಪತ್ತು

ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭದ ಸುತ್ತಲಿನ ಬಂಡೆಗಳ ಮೇಲೆ, ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ, ರೀಲು ಜೋಡಿಸಿದ ಉದ್ದನೆಯ ಕೋಲು ಹಿಡಿದ ಯುವಕರು ಕಾಣಸಿಗುತ್ತಾರೆ. ಅವರ ಗಾಳದಲ್ಲಿ ಎರೆಹುಳುವಿಲ್ಲ. ಮೀನಿನಂತೆಯೋ ಸಿಗಡಿಯಂತೆಯೋ ಕಾಣುವ ಕೃತಕ ಎರೆಯಿದೆ. ಕೆಲವರು ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದೂ ಉಂಟು. ನೋಡುವ ಹಿರಿಯರಿಗೆ ಇದು ಹುಚ್ಚಾಟವೆನಿಸಬಹುದು. ಆದರೆ ಇದರ ಹಿಂದೆ ಒಂದು ಕಥೆಯಿದೆ.

ಅಮೆರಿಕದ ದಕ್ಷಿಣ ಕರಾವಳಿಯಲ್ಲಿ ರೆಡ್‌ಫಿಶ್ ಎಂಬ ತಾಮ್ರವರ್ಣದ ಮೀನಿದೆ. ಅದು ನಮ್ಮ ಕೊಡ್ಡಾಯಿಯ ಕುಟುಂಬಕ್ಕೆ ಸೇರಿದ್ದು. ಭರತದ ನೀರು ಏರಿದಾಗ ಅದು ಏಡಿಗಳನ್ನು ಅರಸುತ್ತ ಹುಲ್ಲು ಬೆಳೆದ ತೆಳುನೀರಿಗೆ ಬರುತ್ತದೆ; ತಲೆ ಕೆಳಗಾಗಿ ಮೇಯುವಾಗ ಬಾಲ ನೀರಿನಿಂದ ಮೇಲೆ ಕಾಣುತ್ತದೆ. ಆ ಬಾಲದ ಗುರುತು ನೋಡಿ, ಸದ್ದಿಲ್ಲದೆ ಸಮೀಪಿಸಿ, ಹಕ್ಕಿಗರಿ ಕಟ್ಟಿದ ಹಗುರವಾದ ಗಾಳವನ್ನು ಅದರ ಮುಂದೆ ಬೀಸುವುದು ಅಲ್ಲಿನವರ ನೆಚ್ಚಿನ ಹವ್ಯಾಸ. 1980ರ ದಶಕದಲ್ಲಿ ಪಾಲ್ ಪ್ರುದೋಮ್ ಎಂಬ ಪಾಕಪ್ರವೀಣ ಈ ಮೀನಿಗೆ ಮಸಾಲೆ ಹಚ್ಚಿ, ಕಾದ ಬಾಣಲೆಯಲ್ಲಿ ಕಪ್ಪಾಗುವಂತೆ ಹುರಿಯುವ ಅಡುಗೆಯನ್ನು ಪ್ರಸಿದ್ಧಗೊಳಿಸಿದ. ದೇಶವೆಲ್ಲ ಅದನ್ನೇ ಬಯಸಿತು. ಕಡಲಿನಲ್ಲಿ ಮೊಟ್ಟೆಯಿಡಲು ನೆರೆಯುವ ದೊಡ್ಡ ಮೀನುಗಳನ್ನು ದೋಣಿಗಳು ಬಾಚಿದವು. ಆ ದಶಕ ಮುಗಿಯುವುದರೊಳಗೆ ಸರಕಾರ ಅಲ್ಲಿ ಅದನ್ನು ಹಿಡಿಯುವುದನ್ನೇ ತಡೆಯಬೇಕಾಯಿತು. 2007ರಲ್ಲಿ ಅದರ ರಕ್ಷಣೆಗಾಗಿ ಅಧ್ಯಕ್ಷರ ಆದೇಶವೇ ಹೊರಟಿತು. ಇಂದು ಗಾಳ ಹಾಕುವವರು ತೀರ ಚಿಕ್ಕದನ್ನೂ ಬಿಡಬೇಕು, ಸಂತಾನ ಬೆಳೆಸುವ ದೊಡ್ಡದನ್ನೂ ಬಿಡಬೇಕು. ನಡುವಿನ ಗಾತ್ರದ ಕೆಲವನ್ನು ಮಾತ್ರ ಒಯ್ಯಬಹುದು. ನಾಲಿಗೆಯ ಒಂದು ಚಪಲ ಒಂದು ಜಾತಿಯನ್ನೇ ಆಪತ್ತಿಗೆ ಒಡ್ಡಿತ್ತು. ಕೈಯ ಸಂಯಮ ಅದನ್ನು ಮರಳಿ ತರುತ್ತಿದೆ.

ಸಂಯಮದ ಪಾಠಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಘಟ್ಟದಾಚೆಯ ಶೃಂಗೇರಿಯಲ್ಲಿ ತುಂಗೆಯ ಮೀನುಗಳೂ, ಘಟ್ಟದೀಚೆಯ ಶಿಶಿಲದಲ್ಲಿ ಕಪಿಲೆಯ ಮೀನುಗಳೂ ನಮ್ಮ ಹಿಂದೂ ಸಹೋದರರ ಶ್ರದ್ಧೆಯ ರಕ್ಷಣೆಯಲ್ಲಿ ತಲೆಮಾರುಗಳಿಂದ ನಿರ್ಭಯವಾಗಿ ಬದುಕಿವೆ.

ಕಾಯುವವರು ಯಾರು?

ಮಲ್ಪೆಯ ಬಂದರಿಗೆ ಜೂನ್ ತಿಂಗಳಲ್ಲಿ ಹೋದವರಿಗೆ ಒತ್ತೊತ್ತಾಗಿ ಕಟ್ಟಿದ ದೋಣಿಗಳು ಕಾಣುತ್ತವೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲವದು, ಕಡಲೂ ಪ್ರಕ್ಷುಬ್ಧ. ನಾಡದೋಣಿಯವರಿಗೆ ಮಾತ್ರ ವಿನಾಯಿತಿ. ಈ ಎರಡು ತಿಂಗಳು ದೋಣಿಯ ಕೆಲಸಗಾರನಿಗೆ ಸಂಪಾದನೆಯಿಲ್ಲ. ಬುಟ್ಟಿ ಹೊತ್ತು ಮೀನು ಮಾರುವ ಮೊಗವೀರ ತಾಯಂದಿರ ಗಳಿಕೆಗೂ ಕುತ್ತು. ಶಾಲೆಗಳು ತೆರೆಯುವ ಜೂನ್ ತಿಂಗಳಲ್ಲಿಯೇ ಈ ಕೊರತೆ.

ಇಲ್ಲಿಯೇ ನಮ್ಮ ಆತ್ಮಶೋಧನೆ ಆರಂಭವಾಗಬೇಕು. ಮೀನೇ ಅನ್ನವಾಗಿರುವವರು 61 ದಿನ ಕಾಯುತ್ತಾರೆ. ಅನ್ನಕ್ಕೆ ಬೇರೆ ದಾರಿಯಿರುವ ನಾವು, ಮೋಜಿಗಾಗಿ, ಮೊದಲ ಮಳೆಯ ರಾತ್ರಿಯೂ ಕಾಯಲಾರೆವು. ಕೆಲವೆಡೆ ಇದು ಕತ್ತಿ, ಕೂಳಿಗಳನ್ನೂ ದಾಟಿ, ಹೊಳೆಗೆ ತೋಟೆ ಹಾಕುವ, ವಿಷ ಕಲಸುವ ಮಟ್ಟಕ್ಕೆ ಇಳಿದಿದೆ. ಸ್ಫೋಟಕ, ವಿಷಗಳಿಂದ ಮೀನು ಕೊಲ್ಲುವುದನ್ನು 1897ರಷ್ಟು ಹಿಂದೆಯೇ ಕಾಯಿದೆ ನಿಷೇಧಿಸಿದೆ.

ಹಾಗಾದರೆ ಗುರಿಕಾರರ ಪ್ರಶ್ನೆಗೆ ಉತ್ತರವೇನು? ಹಸಿದವನು ಹೊಳೆಯಿಂದ ಒಂದು ಹೊತ್ತಿನ ಪದಾರ್ಥಕ್ಕೆ ಮೀನು ಹಿಡಿದರೆ ಅದು ಪಾಪವಲ್ಲ; ಅದು ದೇವರು ಆದಿಯಲ್ಲಿ ಮಾನವನಿಗೆ ಒಪ್ಪಿಸಿದ ಹಕ್ಕಿನ ಬಳಕೆ. ಆದರೆ ಸಂತ ಥಾಮಸ್ ಅಕ್ವಿನಾಸರು ಬೋಧಿಸಿದಂತೆ ಸೃಷ್ಟಿಯ ಪರಮ ಒಡೆತನ ದೇವರದು. ನಮಗಿರುವುದು ಬಳಸುವ ಅಧಿಕಾರ. ಬಳಸುವವನು ಮೂಲವನ್ನೇ ಮುಗಿಸಿದರೆ ಅವನು ನಾಳೆ ಬಳಸಬೇಕಾದವರ ಪಾಲನ್ನು ಕದ್ದಂತೆ. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಮುಂದಿನ ಪೀಳಿಗೆಗೆ ಸಲ್ಲಬೇಕಾದ ಈ ನ್ಯಾಯವನ್ನೇ ನೆನಪಿಸಿದ್ದಾರೆ. ಮೊಟ್ಟೆ ತುಂಬಿದ ಎರಡು ಬಕೆಟ್ಟು ಮೀನು ಹಸಿವಿನ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಪಾಪನಿವೇದನೆಯಲ್ಲಿ ಹೇಳಬೇಕೆಂದು ನಮಗೆ ಅನ್ನಿಸಿದರೆ, ಆ ಅನ್ನಿಸಿಕೆಯನ್ನು ಅದುಮಿಡಬಾರದು.

ಮನೆಯಿಂದಲೇ ಆರಂಭ

ನಮ್ಮ ಪಂಚಾಂಗವೇ ಇದಕ್ಕೆ ಒದಗಿಬರುತ್ತದೆ. ಜೂನ್ 13 ಸಂತ ಅಂತೋಣಿಯವರ ಹಬ್ಬ. ಮನುಷ್ಯರು ಕಿವಿಗೊಡದಾಗ ಅವರು ರಿಮಿನಿಯಲ್ಲಿ ಮೀನುಗಳಿಗೆ ಬೋಧಿಸಿದರೆಂಬ ಐತಿಹ್ಯ ಪ್ರಸಿದ್ಧ. ಜೂನ್ 29 ಮೀನುಗಾರನಾಗಿದ್ದ ಸಂತ ಪೇತ್ರನ ಹಬ್ಬ. ಎರಡೂ ಬರುವುದು ಮೀನು ಏರುವ ಈ ಕಾಲದಲ್ಲಿ, ಕಡಲಿನ ದೋಣಿಗಳು ದಡದಲ್ಲಿರುವಾಗ. ಜೂನ್ ಆರಂಭದಿಂದ ಪೇತ್ರನ ಹಬ್ಬದವರೆಗಾದರೂ ಗದ್ದೆಗೆ ಏರುವ ಮೀನನ್ನು ಮುಟ್ಟುವುದಿಲ್ಲವೆಂದು ಒಂದೊಂದು ವಾಳೆಯೂ ನಿಶ್ಚಯಿಸಬಹುದು. ತಪಸ್ಸು ಕಾಲದಲ್ಲಿ ಮಾಂಸ ಬಿಡಲು ಬಲ್ಲ ನಮಗೆ ಇದು ಹೊರಲಾರದ ಶಿಲುಬೆಯಲ್ಲ.

ಬಳಿಕ ಗಾಳ ಹಾಕುವ ಮಕ್ಕಳಿಗೆ ಹಿರಿಯರು ಕಲಿಸಬೇಕಾದದ್ದು ಇಷ್ಟೇ: ಕೆಂಪು ಮರಿಗಳ ಗುಂಪು ಕಂಡಲ್ಲಿ ಗಾಳ ಇಳಿಸಬಾರದು, ಮೊಟ್ಟೆ ತುಂಬಿದ್ದನ್ನೂ ಚಿಕ್ಕದನ್ನೂ ಬಿಡಬೇಕು, ಬಿಡುವಾಗ ಒಣಕೈಯಲ್ಲಿ ಮೀನನ್ನು ಹಿಡಿಯಬಾರದು, ಅದರ ಮೈಯ ಲೋಳೆಯೇ ಅದರ ರಕ್ಷಾಕವಚ, ಕೈಯನ್ನು ನೀರಿನಲ್ಲಿ ಅದ್ದಿಕೊಂಡು ನಿಧಾನವಾಗಿ ಬಿಡಬೇಕು. ಮಳೆಗಾಲದಲ್ಲಿ ಕಾಪುವಿನ ಬಂಡೆಗಳ ಮೇಲೆ ಗಾಳ ಹಾಕಲು ನಿಲ್ಲಲೇಬಾರದು. ಯಾವ ಮೀನೂ ಒಬ್ಬ ಮಗನ ಬೆಲೆಗೆ ಸಮನಲ್ಲ.

ಸೆಪ್ಟೆಂಬರ್ 8ರಂದು ನಮ್ಮ ಮಕ್ಕಳು ಮರಿಯಮ್ಮನವರಿಗೆ ಹೂವನ್ನರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಬರುತ್ತದೆ. ಮೀನು ಮಾಂಸವಿಲ್ಲದ ಊಟಕ್ಕೆ ಮನೆಯವರೆಲ್ಲ ಕೂಡುವ ದಿನವದು. ಅಂದು ಹೊಸ ಅಕ್ಕಿಯನ್ನು ಬಾಯಿಗಿಡುವಾಗ, ಆ ತೆನೆ ಬೆಳೆದ ಗದ್ದೆಯ ನೀರಿನಲ್ಲಿಯೇ ಬೆಳೆದ ಮರಿಗಳು ತೋಡಿನ ದಾರಿಯಾಗಿ ಹೊಳೆಗೆ ಇಳಿಯುತ್ತಿವೆಯೆಂದು ಮಕ್ಕಳಿಗೆ ಹೇಳುವಂತಾಗಲಿ. ಹಾಗೆ ಹೇಳುವುದಕ್ಕೆ ಮುಂದಿನ ಜೂನ್ ತಿಂಗಳ ಮೊದಲ ಮಳೆಯ ರಾತ್ರಿ ನಾವು ದೀಪವಾರಿಸಿ ಮನೆಯಲ್ಲಿ ಮಲಗಿದ್ದರೆ ಸಾಕು.